ಚಾಪೆಲ್ ಮಗ್ಗುಲಿನ ಗುಂಡಿ

ಕ್ರೋಯ್ಡನ್
13 ಅಕ್ಟೋಬರ್ 2024, ಭಾನುವಾರ

ಪ್ರೀತಿಯ ಕಲ್ಯಾಣಿ ಅಕ್ಕನಿಗೆ,

ನಿನ್ನೆ ಮುಟ್ಟಬೇಕಿದ್ದ ಬನ್ನಿಯ ನಮಸ್ಕಾರ ಇವತ್ತು ಬರೆಯುತ್ತಿದ್ದೇನೆ. ಇಲ್ಲಿ ಬನ್ನಿ ಎಲೆ ಎಲ್ಲಿಂದ ಬರಬೇಕು. ಕೃತಿ ಅಜ್ಜನಿಗೋಸ್ಕರ ಟ್ರಾಮ್ ಸ್ಟಾಪಿನ ಬೇಲಿಯಿಂದ ಯಾವುದೋ ಸಣ್ಣ ಎಲೆ ಕಿತ್ತು ತಂದಳು. ಅಪ್ಪ ಅದನ್ನೇ ನಮ್ಮೆಲ್ಲರ ಕೈಗಿಟ್ಟು, “ಬಂಗಾರ ತಗೊಂಡು ಬಂಗಾರದಂಗ ಇರೂಣು” ಅಂದರು. ಅಷ್ಟು ಮಾತಿಗೆ ಅವರು ನಡುವೆ ನಿಂತು ಉಸಿರು ಎಳೆದುಕೊಳ್ಳಬೇಕಾಯಿತು.

ಫೋನಿನಲ್ಲಿ ಮಾತಾಡಿದರೆ ನಮ್ಮಿಬ್ಬರಿಗೂ ಜಗಳವಾಗುತ್ತದೆ. ಆಗದ ದಿನ ಅಪ್ಪ ಪಕ್ಕದಲ್ಲಿ ಬಂದು ಕೂತು, ಸ್ಪೀಕರ್ ಮೇಲೆ ಹಾಕು ಅನ್ನುತ್ತಾರೆ. ಈ ಫ್ಲ್ಯಾಟಿನಲ್ಲಿ ಅವರಿಗೆ ಕೇಳದಂತೆ ಮಾತಾಡುವ ಜಾಗ ಬಚ್ಚಲುಮನೆ ಒಂದೇ. ಅಲ್ಲಿ ನಿಂತು ಇಂಥ ಮಾತು ಆಡಲು ಮನಸ್ಸು ಬರುವುದಿಲ್ಲ. ನನ್ನ ಲ್ಯಾಬಿನ ಸಿರಿಶಾ ಬುಧವಾರ ಹುಬ್ಬಳ್ಳಿಗೆ ಹೊರಟಿದ್ದಾಳೆ. ಪತ್ರವನ್ನು ಅವಳ ಕೈಯಲ್ಲಿ ಕೊಡುತ್ತೇನೆ. ಪೂರ್ತಿ ಓದಿ ಆಮೇಲೆ ಸಿಟ್ಟು ಮಾಡು.

ಹೃದಯದ ಡಾಕ್ಟರು ಹೋದ ವಾರ ಖಚಿತವಾಗಿ ಹೇಳಿದರು. ಅಪ್ಪ ಇನ್ನು ವಿಮಾನ ಹತ್ತುವಂತಿಲ್ಲ. ಎಷ್ಟು ಕಾಲ ಎಂದು ಕೇಳಿದೆ. ದೂರದ ಯೋಜನೆ ಹಾಕಿಕೊಳ್ಳಬೇಡಿ ಅಂದರು. ಹೀಗಾಗಿ ನಮ್ಮ ಮುಂದೆ ಉಳಿದಿರುವ ಪ್ರಶ್ನೆ ಒಂದೇ: ಅಪ್ಪ ಹೋದ ಮೇಲೆ ಅವರನ್ನು ಎಲ್ಲಿ ಮಣ್ಣು ಮಾಡುವುದು? ಹೊಲದಲ್ಲಿ ಅವ್ವನ ಮಗ್ಗುಲಿಗೆ ಅನ್ನುತ್ತೀ ನೀನು. ಆರು ವರ್ಷದಿಂದ ಅಲ್ಲಿ ನೇಗಿಲು ಹಾಯಿಸದೆ ಜಾಗ ಬಿಟ್ಟಿದ್ದೀ. ಶವವನ್ನು ಊರಿಗೆ ತರಿಸುವುದು ಹೇಗೆಂದು ಮಾಮಾ ವಿಚಾರಿಸಿಯೂ ಇಟ್ಟಿದ್ದಾರೆ. ಅಪ್ಪ ಮಾತ್ರ ಇಲ್ಲೇ ಅನ್ನುತ್ತಿದ್ದಾರೆ. ನಾನು ಅವರ ತಲೆ ಕೆಡಿಸಿದೆ, ಅನುಕೂಲಕ್ಕೆ ಇಲ್ಲೇ ಸುಟ್ಟು ಕೈತೊಳೆದುಕೊಳ್ಳುತ್ತೇನೆ ಅಂತ ನೀನು ಅಂದದ್ದು ನನಗೆ ಬಹಳ ನೋವು ಮಾಡಿತು. ಅಪ್ಪನ ತಲೆಯಲ್ಲಿ ಈ ವಿಚಾರ ಹೊಕ್ಕದ್ದು ನಮ್ಮ ಹಿಂದಿನ ಕಾರ್ ಪಾರ್ಕಿನಿಂದ. ಅದನ್ನು ಮೊದಲಿನಿಂದ ಹೇಳುತ್ತೇನೆ.

ಆ ಕಾರ್ ಪಾರ್ಕ್ ನಿನಗೆ ನೆನಪಿರಬೇಕು. ನೀವು ಗಂಡ ಹೆಂಡತಿ ಬಂದಾಗ ಮಾಮಾ ಬೆಳಿಗ್ಗೆ ಅಲ್ಲೇ ತಿರುಗಾಡುತ್ತಿದ್ದರು. ಈಗ ಅಲ್ಲಿ ಹೊಸ ಫ್ಲ್ಯಾಟುಗಳು ಏಳುತ್ತವೆ. ಹಳೆಯ ಊರಿನ ಭಾಗವಾದ್ದರಿಂದ ಪಾಯ ತೋಡುವ ಮೊದಲು ಪುರಾತತ್ವದವರು ಅಗೆದು ನೋಡಲೇಬೇಕೆಂದು ಕೌನ್ಸಿಲ್ ಕಟ್ಟಳೆ ಹಾಕಿತು. ಆಗಸ್ಟ್ ಕೊನೆಗೆ ಅವರು ಬಂದು ಡಾಂಬರು ಕಿತ್ತು, ಮಣ್ಣನ್ನು ಪದರ ಪದರವಾಗಿ ಕೆರೆಯತೊಡಗಿದರು. ಅಪ್ಪನಿಗೆ ಬಾಲ್ಕನಿಯ ಕುರ್ಚಿ ಬಿಟ್ಟರೆ ಬೇರೆ ಜಾಗವಿಲ್ಲ. ಲಿಫ್ಟ್ ವಾರಕ್ಕೆ ಮೂರ್ನಾಲ್ಕು ದಿನ ಕೆಟ್ಟಿರುತ್ತದೆ, ಮೆಟ್ಟಿಲು ಅವರಿಗೆ ಆಗುವುದಿಲ್ಲ. ಹೊದ್ದುಕೊಂಡು ಅಲ್ಲೇ ಕೂತು, ಮೂರನೆಯ ಮಹಡಿಯಿಂದ ಇಡೀ ದಿನ ನೋಡುತ್ತಿದ್ದರು. ನಾನು ಕೆಲಸದಿಂದ ಬಂದ ಕೂಡಲೇ ಸ್ಟೇಷನ್ ಮಾಸ್ತರನಿಗೆ ವರದಿ ಒಪ್ಪಿಸುವ ಹಾಗೆ ಅಂದಿನ ಕೆಲಸವನ್ನು ಹೇಳುತ್ತಿದ್ದರು. ಎಷ್ಟೋ ದಿನ ನಾನು ಕಣ್ಣು ಮುಚ್ಚಿಕೊಂಡೇ ಕೇಳಿದ್ದೇನೆ.

ಅಲ್ಲಿ ಸಿಕ್ಕಿದ್ದು ಒಂದು ಚಾಪೆಲ್. ಸಿಕ್ಕಿದ್ದು ಅನ್ನುವುದೂ ತಪ್ಪು, ಸಿಕ್ಕಿದ್ದು ಅದರ ಗುರುತು. ಹಳೆಯ ದಾನಪತ್ರವೊಂದರಲ್ಲಿ ಅದರ ಹೆಸರು ಬರುತ್ತದಂತೆ, ಎಲ್ಲಿತ್ತು ಎಂದು ಯಾರಿಗೂ ಗೊತ್ತಿರಲಿಲ್ಲ. ಎಂಟು ನೂರು ವರ್ಷದ ಹಿಂದೆ ಕಟ್ಟಿದ ಕ್ರೈಸ್ತರ ಸಣ್ಣ ಗುಡಿ ಅಂದುಕೋ. ಯಾವುದೋ ರಾಜನ ಕಾಲದಲ್ಲಿ ಅದನ್ನು ಮುಚ್ಚಿದರು. ಊರವರು ಒಂದೊಂದೇ ಕಲ್ಲು ಹೊತ್ತು ತಮ್ಮ ಮನೆಗೆ, ಹಟ್ಟಿಗೆ ಹಾಕಿಕೊಂಡರು. ಪಾಯದ ಚಕಮಕಿ ಕಲ್ಲನ್ನೂ ಬಿಡಲಿಲ್ಲ. ಪಾಯ ಕಿತ್ತ ಕಾಲುವೆಗೆ ಮುರುಕು ಗಾರೆ, ಹೆಂಚಿನ ಚೂರು, ಮಣ್ಣು ತುಂಬಿಕೊಂಡಿತು. ಮೇಲಿನಿಂದ ನೋಡಿದರೆ ಕಂದು ಮಣ್ಣಿನಲ್ಲಿ ಮಾಸಲು ಬಣ್ಣದ ಒಂದು ಉದ್ದ ಚೌಕ, ಅಷ್ಟೇ. ಗೋಡೆ ಇಲ್ಲ, ಗೋಡೆ ಕದ್ದ ಜಾಗವಿದೆ. ನಾನು ಇದನ್ನು ಕೇಳಿ ಆಶ್ಚರ್ಯಪಟ್ಟೆ, ಅಪ್ಪ ಪಡಲಿಲ್ಲ. “ಗದಗದಾಗ ನಮ್ಮ ಹಳೇ ಕ್ವಾರ್ಟರ್ಸ ಖಾಲಿ ಮಾಡಿದ್ವಲ್ಲ, ಹದಿನೈದು ದಿನದಾಗ ಬಾಗಲಾ ಹೋತು, ಕಿಡಕಿ ಹೋತು, ಆಮ್ಯಾಲೆ ಇಟ್ಟಂಗಿನೂ ಹೋದ್ವು. ಮಂದಿ ಎಲ್ಲೆ ಹೋದ್ರೂ ಮಂದೀನ” ಅಂದರು.

ಚಾಪೆಲ್ಲಿನ ದಕ್ಷಿಣಕ್ಕೆ ಗೋರಿಗಳು ಸಿಕ್ಕವು. ಮನುಷ್ಯರ ಎಲುಬು ಬಂದಾಗ ಹಾದಿಹೋಕರಿಗೆ ಕಾಣಬಾರದೆಂದು ಸುತ್ತ ಎತ್ತರದ ತಡಿಕೆ ಕಟ್ಟುತ್ತಾರೆ. ಆದರೆ ಮೂರನೆಯ ಮಹಡಿಗೆ ಯಾವ ತಡಿಕೆ? ಒಂದು ದಿನ ಉತ್ಖನನದ ಮುಖ್ಯಸ್ಥೆ ಬ್ರಿಜೆಟ್ ಎಂಬಾಕೆ ಮೇಲೆ ಬಂದು ಬಾಗಿಲು ತಟ್ಟಿದಳು. ನಿಮ್ಮ ಬಾಲ್ಕನಿಯಿಂದ ಎಲ್ಲ ಕಾಣುತ್ತದೆ, ನಿಮಗೆ ಸಂಕಟವಾಗುವುದಾದರೆ ಕೆಲವು ದಿನ ಪರದೆ ಎಳೆದುಕೊಳ್ಳಬಹುದೇ ಎಂದು ಬಹಳ ಸಂಕೋಚದಿಂದ ಕೇಳಿದಳು. ಅಪ್ಪ ತಮ್ಮ ರೈಲ್ವೆ ಇಂಗ್ಲಿಷಿನಲ್ಲಿ, “ಮೇಡಂ, ನೋ ಅಬ್ಜೆಕ್ಷನ್. ಪ್ಲೀಸ್ ಬಿ ಸೀಟೆಡ್” ಅಂದು, ನನ್ನ ಕಡೆ ತಿರುಗಿ, “ಪಾಪ, ಗಾಳಿಯಾಗ ನಿಂತು ನಿಂತು ಮೂಗು ಕೆಂಪಗಾಗೇತಿ. ಚಹಾ ಮಾಡವಾ, ನೀ ಕಳಿಸಿದ ಚೂಡಾನೂ ತಾ” ಅಂದರು. ಚೂಡಾ ಕಳಿಸಿದ್ದು ನೀನು, ನಾನಲ್ಲ. ಈಚೆಗೆ ನಮ್ಮಿಬ್ಬರನ್ನೂ ಒಬ್ಬಳೇ ಮಗಳೆಂದುಕೊಂಡಂತೆ ಮಾತಾಡುತ್ತಾರೆ. ಬ್ರಿಜೆಟ್ ಎರಡು ಬಟ್ಟಲು ತಿಂದಳು. ಅಂದಿನಿಂದ ಶುಕ್ರವಾರದ ಚಹಾಕ್ಕೆ ಮೇಲೆ ಬರುವುದು ರೂಢಿಯಾಯಿತು.

ಗೋರಿಯಲ್ಲಿದ್ದವರೆಲ್ಲ ಪಶ್ಚಿಮಕ್ಕೆ ತಲೆ ಇಟ್ಟು ಅಂಗಾತ ಮಲಗಿದ್ದರು. ನಮ್ಮಲ್ಲಿ ಕೂಡಿಸಿಯೇ ಮಣ್ಣು ಮಾಡುವುದು, ಹಾಗಾಗಿ ಅಪ್ಪನಿಗೆ ಅದು ಸರಿಬರಲಿಲ್ಲ. “ಇಷ್ಟು ವರ್ಷ ಮಲಗಿದ್ರ ಬೆನ್ನ ಏನಾಗಬಾರದು” ಅನ್ನುತ್ತಿದ್ದರು. ಸೆಪ್ಟೆಂಬರ್ ನಡುವೆ ಒಂದು ಸಂಜೆ ನಾನು ಬಾಗಿಲು ತೆರೆಯುವಾಗಲೇ ಬಾಲ್ಕನಿಯಿಂದ ಕೂಗಿದರು. ಆ ದನಿ ಎಷ್ಟೋ ತಿಂಗಳಿಂದ ಕೇಳಿರಲಿಲ್ಲ. ಬಿದ್ದರೇನೋ ಎಂದು ಓಡಿದೆ. ಅಪ್ಪ ಕಂಬಿ ಹಿಡಿದು ಎದ್ದು ನಿಂತಿದ್ದರು.

“ಮಾಳವ್ವಾ, ಬಾ ಇಲ್ಲೆ. ನೋಡು, ಗುಡಿಯ ಮೂಡಲ ಗ್ವಾಡಿಗೆ ಹತ್ತಿ. ಕಂಡ್ತೇನ?”

ಕಂಡಿತು. ಉಳಿದ ಗೋರಿಗಳಂತೆ ಉದ್ದವಿಲ್ಲದ, ಹೆಚ್ಚುಕಡಿಮೆ ಚೌಕನಾದ ಒಂದು ಗುಂಡಿ. ಅದರ ತಳದಲ್ಲಿ ಬೆಳ್ಳಗೆ ದಪ್ಪನೆಯ ಪದರ.

“ಕುಂದರಿಸ್ಯಾರ” ಅಂದರು ಅಪ್ಪ. “ತಳಕ್ಕ ವಿಭೂತಿ ಹಾಕಿ, ಕುಂದರಿಸ್ಯಾರ. ದೇವರ ಮಗ್ಗಲಕ್ಕ. ಇಲ್ಲೂ ನಮ್ಮಂಗ ಕುಂತು ಹೋದಾಂವ ಒಬ್ಬ ಅದಾನ.”

ಕೃತಿ ತನ್ನ ಕೋಣೆಯಿಂದ ಬಂದು ಇಣುಕಿ, “ಅಜ್ಜ, ಇಟ್ಸ್ ಜಸ್ಟ್ ಅ ಹೋಲ್” ಅಂದಳು. ಅಪ್ಪ ನಕ್ಕರು. “ಹೋಲ್ ಅಂದ್ರ ಹೋಲ್ ಅಲ್ಲವಾ ಮಗಳ. ನಾವೆಲ್ಲಾ ಹೋಗೂದು ಅಂಥಾ ಹೋಲಿಗೇ” ಅಂದರು. ಅವಳಿಗೂ ನಗು ಬಂತು.

ನೀನೇ ಯೋಚಿಸು, ಅಕ್ಕ. ಸುಣ್ಣದ ಬಿಳುಪನ್ನು ಕಂಡು ವಿಭೂತಿ ಅಂದುಕೊಳ್ಳುವವರು ಈ ಇಡೀ ಊರಿನಲ್ಲಿ ನಮ್ಮ ಅಪ್ಪನನ್ನು ಬಿಟ್ಟು ಇನ್ನಾರು ಸಿಗುತ್ತಾರೆ? ಅದು ಸುಣ್ಣ. ಎರಡು ದಿನದ ಮೇಲೆ ಕೆಲಸಕ್ಕೆ ಹೋಗುವಾಗ ಗೇಟಿನ ಹತ್ತಿರ ಬ್ರಿಜೆಟ್ ಸಿಕ್ಕಳು, ನಾನು ಕೇಳಿದೆ. ಚಾಪೆಲ್ ಕಟ್ಟುವಾಗ ಗೌಂಡಿಗಳು ಗಾರೆ ಕಲಸಲು ತೋಡಿಕೊಂಡ ಗುಂಡಿ ಎಂದಳು. ಕೆಲಸ ಮುಗಿದ ಮೇಲೆ ಮುಚ್ಚಿ ಹೋದರು. ಒಳಗೆ ಯಾರೂ ಇರಲಿಲ್ಲ. ಅವಳ ಮಟ್ಟಿಗೆ ಅದು ಗೋರಿಗಿಂತ ಹೆಚ್ಚಿನ ಸಂತೋಷದ ವಿಷಯ. ಗೋಡೆಯ ಗಾರೆ ಎಲ್ಲಿ ಕಲಸಿದರೆಂಬುದು ಗೊತ್ತಾಯಿತಲ್ಲ, ಕಟ್ಟಿದವರ ಕೈ ಕಂಡಹಾಗಾಯಿತು ಎಂದಳು.

ಅಪ್ಪನಿಗೆ ನಾನು ಹೇಳಲಿಲ್ಲ. ನೀನೂ ಹೇಳಬೇಡ ಎಂದು ಬ್ರಿಜೆಟ್‌ಗೆ ಅಂದೆ. ಯಾಕೆಂದರೆ ಆ ಎರಡು ದಿನ ಅವರು ಎರಡು ಹೊತ್ತು ಊಟ ಮಾಡಿದ್ದರು. ಕಾಲಿನ ಬಾವಿನ ಬಗ್ಗೆ, ಉಚ್ಚೆಯ ಗುಳಿಗೆಯ ಬಗ್ಗೆ ಒಂದು ದೂರೂ ಇಲ್ಲ. ಮೂರನೆಯ ದಿನ ನನ್ನನ್ನು ಕೂಡಿಸಿಕೊಂಡು, “ನನ್ನನ್ನ ಹೊತ್ತುಕೊಂಡು ಧಾರವಾಡಕ್ಕ ಹೋಗಬ್ಯಾಡ್ರಿ. ಇಲ್ಲೇ ಕುಂದರಿಸ್ರಿ. ಈ ಮಣ್ಣಿಗೆ ರೂಢಿ ಐತಿ” ಅಂದರು. ಅದೇ ದಿನ ಸಂಜೆ ನಿನಗೆ ಫೋನ್ ಮಾಡಿ ಹೇಳಿದ್ದು, ನೀನು ಅತ್ತದ್ದು.

ನೀನು ಅಂದ ಮಾತನ್ನು ಅಪ್ಪನ ಮುಂದೆ ನಾನು ಇಟ್ಟಿದ್ದೇನೆ, ಮುಚ್ಚಿಡಲಿಲ್ಲ. ಆ ದೇಶದಲ್ಲಿ ಗೋರಿಗೂ ನೆಲೆಯಿಲ್ಲ, ಫ್ಲ್ಯಾಟು ಕಟ್ಟಲು ಎಬ್ಬಿಸುತ್ತಿದ್ದಾರೆ, ನಿಮ್ಮನ್ನೂ ನಾಳೆ ಎಬ್ಬಿಸುತ್ತಾರೆ ಎಂದೆ. ಎಲುಬುಗಳನ್ನು ಒಂದೊಂದೇ ತೊಳೆದು ಪೆಟ್ಟಿಗೆಯಲ್ಲಿಟ್ಟು ಒಯ್ಯುವುದನ್ನು ಅವರೇ ನೋಡಿದ್ದಾರೆ. ಅಪ್ಪ ಹೇಳಿದ್ದು ಇಷ್ಟು: “ಎಂಟನೂರು ವರ್ಷ ಆದಮ್ಯಾಲೆ ಎಬ್ಬಿಸಿದ್ರ ಎಬ್ಬಿಸಲಿ. ರೈಲ್ವೆದಾಗ ನನ್ನ ಮೂರು ವರ್ಷಕ್ಕೊಮ್ಮೆ ಎಬ್ಬಿಸ್ಯಾರ.”

ಅಷ್ಟಾದ ಮೇಲೆ ನಾನು ಸ್ಮಶಾನಗಳಿಗೆ ಫೋನ್ ಮಾಡತೊಡಗಿದೆ. ಲ್ಯಾಬಿನ ಊಟದ ಬಿಡುವಿನಲ್ಲಿ, ಮೆಟ್ಟಿಲ ಮೇಲೆ ಕೂತು. ಮೊದಲ ಸ್ಮಶಾನದವನು, “ಕೂತಿರುವುದು ಅಂದಿರಾ?” ಎಂದ. ಹೌದು ಅಂದೆ. “ಅಂದರೆ, ಎದ್ದು ಕೂತಂತೆ?” ಎಂದ. ಹೌದು, ಪದ್ಮಾಸನ ಹಾಕಿ, ಎಂದೆ. ತನ್ನ ಮೇಲಿನವರನ್ನು ಕೇಳಬೇಕು ಅಂದ. ಮೇಲಿನವರು ಆಗದು ಅಂದರು. ಇನ್ನೊಂದು ಕಡೆ ಶವಪೆಟ್ಟಿಗೆ ಉದ್ದವೇ ಇರಬೇಕೆಂದರು. ನಮ್ಮ ಸಂಪ್ರದಾಯವನ್ನು ಪರದೇಶದ ಭಾಷೆಯಲ್ಲಿ, ಹರಕು ಮುರುಕು ಸಿಗ್ನಲ್ಲಿನಲ್ಲಿ, ಗುರುತಿಲ್ಲದ ಗಂಡಸರಿಗೆ ಮತ್ತೆ ಮತ್ತೆ ವಿವರಿಸಿ ನನಗೆ ಸಾಕಾಗಿಹೋಯಿತು. ಎಡಗೈಯಲ್ಲಿ ಲಿಂಗ, ಪತ್ರಿ, ವಿಭೂತಿ, ಅಯ್ಯನವರು. ಹೇಳಿ ಹೇಳಿ ಕೊನೆಗೆ ಅದು ಅಪ್ಪನ ವಿಷಯವಲ್ಲ, ಯಾವುದೋ ಯಂತ್ರದ ಬಿಡಿಭಾಗಗಳ ವಿಷಯ ಅನ್ನಿಸತೊಡಗಿತು.

ಊರ ಹೊರಗಿನ ಒಂದು ಖಾಸಗಿ ಸ್ಮಶಾನದ ಹೆಂಗಸು ಮಾತ್ರ ಪೂರ್ತಿ ಕೇಳಿದಳು. ಗುಂಡಿ ಆಳ ತೋಡಬೇಕಾಗುತ್ತದೆ, ಪೆಟ್ಟಿಗೆ ಚೌಕನಾಗಿ ಮಾಡಿಸಿ ತಂದರೆ ನಮ್ಮ ಅಡ್ಡಿಯಿಲ್ಲ ಅಂದಳು. ಸುತ್ತ ಮರಗಳಿವೆ. ಕ್ರಿಯೆ ಮಾಡಿಸುವ ಅಯ್ಯನವರು ಕೆಂಟನ್ನಿನಿಂದ ಬರಲು ಒಪ್ಪಿದ್ದಾರೆ. ಸುಡುವ ಮಾತು ಎಲ್ಲಿಯೂ ಇಲ್ಲ, ಅಕ್ಕ. ಇದನ್ನು ನಿನಗೆ ಆಗಲೇ ಹೇಳಬೇಕಿತ್ತು. ಅಪ್ಪ ಮನಸ್ಸು ಬದಲಿಸಬಹುದೆಂದು ಕಾದೆ.

ಈಗ ಹೋದ ಶುಕ್ರವಾರದ ವಿಷಯ. ಉತ್ಖನನ ಮುಗಿಯಿತು. ತಡಿಕೆ ಬಿಚ್ಚಿದರು, ಸೋಮವಾರದಿಂದ ಕಟ್ಟಡದವರ ಯಂತ್ರ ಬರುತ್ತದೆ. ಬ್ರಿಜೆಟ್ ಕಡೆಯ ಚಹಾಕ್ಕೆ ಬಂದಳು. ಅಪ್ಪ ಅವಳಿಗೋಸ್ಕರ ಕೋಟು ಹಾಕಿಕೊಂಡಿದ್ದರು. ಅದೂ ಇದೂ ಮಾತಾದ ಮೇಲೆ ಕೇಳಿಯೇಬಿಟ್ಟರು. “ಮೇಡಂ, ದ ಸಿಟ್ಟಿಂಗ್ ಜಂಟಲ್‌ಮನ್. ಅವರನ್ನು ಎಲ್ಲಿ ಇಡುತ್ತೀರಿ?”

ಬ್ರಿಜೆಟ್ ನನ್ನ ಮುಖ ನೋಡಿದಳು. ಅವಳ ಕೈಯಲ್ಲಿ ಇನ್ನೂ ಚೂಡಾದ ಬಟ್ಟಲು ಇತ್ತು. ನನಗೆ ಆ ಕ್ಷಣ ಇನ್ನೊಂದು ಸುಳ್ಳು ಹೊರುವ ಶಕ್ತಿ ಇರಲಿಲ್ಲ. ಹೇಳು ಅಂದೆ. ಅವಳು ಕುರ್ಚಿಯನ್ನು ಅಪ್ಪನ ಹತ್ತಿರ ಎಳೆದುಕೊಂಡು, ಯಾವ ಅವಸರವೂ ಇಲ್ಲದೆ ಹೇಳಿದಳು. ಅಲ್ಲಿ ಯಾರೂ ಕೂತಿರಲಿಲ್ಲ. ಬೆಳ್ಳಗಿದ್ದದ್ದು ಸುಣ್ಣ. ಗೋಡೆ ಕಟ್ಟಿದವರ ಗುಂಡಿ ಅದು.

ಅಪ್ಪ ಎಲ್ಲ ಕೇಳಿಸಿಕೊಂಡರು. “ಓ. ಲೈಮ್” ಅಂದರು. ಆಮೇಲೆ, “ವೆರಿ ಗುಡ್ ವರ್ಕ್, ಮೇಡಂ. ಥ್ಯಾಂಕ್ಯೂ” ಎಂದು ಎದ್ದು ಕೈಮುಗಿದರು. ಅವಳು ಹೋಗುವಾಗ ಬಾಗಿಲಲ್ಲಿ ಕಣ್ಣು ಒರೆಸಿಕೊಂಡಳು. ನಾನು ಅವಳಿಗೂ ಸಮಾಧಾನ ಹೇಳಬೇಕಾಯಿತು.

ಆ ಸಂಜೆ ಅಪ್ಪ ರೊಟ್ಟಿ ಮುಟ್ಟಲಿಲ್ಲ. ಕೋಟು ತೆಗೆಯಲೂ ಬಿಡಲಿಲ್ಲ. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ: ಇನ್ನೇನು, ಊರಿಗೇ ಅನ್ನುತ್ತಾರೆ, ನಿನಗೆ ಫೋನ್ ಮಾಡುತ್ತೇನೆ, ಒಂದು ಜಗಳ ಮುಗಿಯುತ್ತದೆ. ಸಂತೋಷವೇ ಆಯಿತೆಂದರೂ ಸುಳ್ಳಲ್ಲ. ಕೇಳಿದೆ, “ಹಂಗಾದ್ರ ಅವ್ವನ ಹಂತ್ಯೇಕ ಒಯ್ಯೂಣೇನ ಅಪ್ಪಾ?”

“ಬ್ಯಾಡ. ಇಲ್ಲೇ.”

“ಆದ್ರ ಇಲ್ಲೆ ಯಾರೂ ಕುಂತಿಲ್ಲಲ್ಲ.”

“ಕುಂತಿಲ್ಲಂದ್ರ ನಾ ಕುಂದರ್ತೀನಿ. ಯಾರರ ಮೊದಲ ಕುಂದರಬೇಕಲ್ಲ.”

ಯಾಕೆ ಅಂದೆ. ಮುಖವನ್ನು ಗಾಜಿನ ಕಡೆ ತಿರುಗಿಸಿಕೊಂಡರು. ನಿನ್ನೆ ಬನ್ನಿ ಕೊಟ್ಟದ್ದು ಬಿಟ್ಟರೆ ಎರಡು ದಿನದಿಂದ ಹಾಗೇ ಇದ್ದಾರೆ. ಗುಂಡಿಯ ನೆಪ ಹೋಯಿತು, ಹಟ ಉಳಿಯಿತು. ಯಾವುದರ ಹಟ ಎಂದು ನನಗೆ ತಿಳಿಯದು. ಒಂದು ಮಾತು ಮಾತ್ರ ಸ್ಪಷ್ಟವಾಗಿ ಅಂದಿದ್ದಾರೆ: “ನಿಮ್ಮಕ್ಕನ ಒಪ್ಪಿಗೀ ತಗೋ. ಆಕೀನ ಅಳಿಸಿ ಏನೂ ಮಾಡಬ್ಯಾಡ.”

ಅದಕ್ಕೇ ಈ ಪತ್ರ. ನನಗೆ ವಾದಿಸಲು ಬಲವಿಲ್ಲ, ಅಕ್ಕ. ಬೆಳಿಗ್ಗೆ ಅವರ ಕಾಲು ಒತ್ತಿ, ಗುಳಿಗೆ ಕೊಟ್ಟು, ರೈಲು ಹಿಡಿದು, ದಿನವಿಡೀ ಬೇರೆಯವರ ರಕ್ತ ನೋಡಿ, ಮತ್ತೆ ಬಂದು ಅವರ ಕಾಲು ಒತ್ತುತ್ತೇನೆ. ನೀನು ಅವ್ವನಿಗೆ ಇದನ್ನೆಲ್ಲ ಮಾಡಿದವಳು, ನಿನಗೆ ಗೊತ್ತು. ಆಗ ನಾನು ಇಲ್ಲಿಂದ ಫೋನಿನಲ್ಲಿ ಬುದ್ಧಿ ಹೇಳುತ್ತಿದ್ದೆ. ಈಗ ನೀನು ಹೇಳುತ್ತೀ. ಒಂದಕ್ಕೊಂದು ಸರಿಹೋಯಿತು ಅಂತ ಬಿಡೋಣ. ಒಪ್ಪಿಗೆ ಅಂದರೆ ಒಪ್ಪಿಗೆ ಅನ್ನು, ಇಲ್ಲವೆಂದರೆ ಇಲ್ಲವೆನ್ನು. ಒಂದೇ ಮಾತಿನಲ್ಲಿ ತಿಳಿಸು. ನೀನು ಇಲ್ಲವೆಂದರೆ ನಾನು ಅವರಿಗೆ ಏನು ಹೇಳುತ್ತೇನೋ ಗೊತ್ತಿಲ್ಲ, ಆದರೆ ನಿನ್ನನ್ನು ಎದುರು ಹಾಕಿಕೊಂಡು ಅವರನ್ನು ಇಲ್ಲಿ ಮಣ್ಣು ಮಾಡಲಾರೆ.

ಮಾಮಾನಿಗೆ ನಮಸ್ಕಾರ. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡ.

ಇಂತಿ ನಿನ್ನ ದಣಿದ ತಂಗಿ,
ಮಾಳವಿಕಾ

ತಾ.ಕ. ಮಂಗಳವಾರ. ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಇದನ್ನು ನಿನಗೆ ಬರೆಯಕೂಡದು ಎಂದು ಅಪ್ಪ ಕಟ್ಟುನಿಟ್ಟಾಗಿ ಹೇಳಿದ್ದಾರೆ, ಆದರೂ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಅಪ್ಪನ ಗಡ್ಡ ಮಾಡುತ್ತಿದ್ದೆ. ಮುಖಕ್ಕೆಲ್ಲ ಸಾಬೂನು ಇರುವಾಗ ತಾವಾಗಿಯೇ ಮಾತು ತೆಗೆದರು. ಅವ್ವ ಆಸ್ಪತ್ರೆಯಲ್ಲಿದ್ದ ಕಡೆಯ ವಾರ ಇವರ ಕೈ ಹಿಡಿದುಕೊಂಡು ಅಂದಳಂತೆ: “ಐವತ್ತು ವರ್ಷ ನಿಮ್ಮ ಮಗ್ಗಲಕ್ಕ ಮಲಗೀನ್ರಿ. ಇನ್ನ ಅಲ್ಲಿಗೂ ಬರಬ್ಯಾಡ್ರಿ. ಒಬ್ಬಾಕೀನ ಆರಾಮ ಕುಂದರ್ತೀನಿ.” ಅಷ್ಟೇ. ಆಮೇಲೆ ಅವ್ವನಿಗೆ ಎಚ್ಚರವಿರಲಿಲ್ಲ.

“ಚ್ಯಾಷ್ಟೀ ಮಾಡಿದ್ಲೋ, ಖರೇನ ಅಂದ್ಲೋ, ಇಷ್ಟು ವರ್ಷ ಆದ್ರೂ ತಿಳೀವಲ್ದು ಮಾಳವ್ವ” ಅಂದರು ಅಪ್ಪ. “ಬಾಯಿ ಮ್ಯಾಲೆ ಆ ಆಕ್ಸಿಜನ್ ಮಾಸ್ಕ್ ಇತ್ತು. ನಕ್ಕಿದ್ರೂ ಕಾಣತಿದ್ದಿಲ್ಲ. ಖರೇನ ಅಂದಿದ್ರ, ಅಲ್ಲಿ ಹೋಗಿ ಹೆಂಗ ಕುಂದರಲಿ?”

ಅಕ್ಕನನ್ನು ಯಾಕೆ ಕೇಳಲಿಲ್ಲ ಅಂದೆ. ಮಗಳನ್ನು ಇದನ್ನು ಕೇಳುವುದು ಹೇಗೆ ಅಂದರು.

ನೀನು ಆಗ ಅವ್ವನ ತಲೆಗಡೆ ನಿಂತು ದಿಂಬು ಸರಿಮಾಡುತ್ತಿದ್ದೆಯಂತೆ. ಅವಳ ಕಣ್ಣು ನಿನಗೆ ಕಂಡಿರಬೇಕು. ಆ ಮಾತು ಆಡುವಾಗ ಅವ್ವನ ಕಣ್ಣು ನಗುತ್ತಿದ್ದವೇ? ಅಪ್ಪನ ಸಮಾಧಾನಕ್ಕೆಂದು ಏನೂ ಸೇರಿಸಬೇಡ, ಊರಿಗೆ ತರಿಸಿಕೊಳ್ಳಲೆಂದೂ ಸೇರಿಸಬೇಡ. ನೆನಪಿಲ್ಲದಿದ್ದರೆ ನೆನಪಿಲ್ಲ ಅನ್ನು. ನಕ್ಕದ್ದು ನಿಜವಾದರೆ ಅಪ್ಪನನ್ನು ನಾನೇ ಅವ್ವನ ಮಗ್ಗುಲಿಗೆ ತರುತ್ತೇನೆ.